ಬೀರುವಿನ ಮೂರು ರವಿಕೆ ಕಣ, ಆರು ಪಟ್ಟಿಯ ಒಂದು ಸ್ಕರ್ಟ್

ಗೌರಿ ಹಬ್ಬದ ಬಾಗಿನ, ವರಮಹಾಲಕ್ಷ್ಮಿಯ ಅರಿಶಿನ ಕುಂಕುಮ, ಸೀಮಂತ, ಗೃಹಪ್ರವೇಶ, ಉಡಿ ತುಂಬುವ ಶಾಸ್ತ್ರ ಹೀಗೆ ಒಂದೊಂದು ಸಂದರ್ಭಕ್ಕೂ ಒಂದೊಂದು ರವಿಕೆ ಕಣ ಮನೆ ಸೇರುತ್ತದೆ. ಹೊಂದುವ ಸೀರೆ ಸಿಗದೆ ಹೆಚ್ಚಿನವು ಬೀರುವಿನಲ್ಲೇ ಉಳಿಯುತ್ತವೆ, ಇಲ್ಲವೇ ಮಡಿಕೆ ಬಿಚ್ಚದೆ ಮುಂದಿನ ಮನೆಗೆ ದಾಟುತ್ತವೆ. ಈ ತುಂಡುಗಳು ಸಾಮಾನ್ಯವಾಗಿ 80 ಸೆಂ.ಮೀ. ಉದ್ದ, ಒಂದು ಮೀಟರ್ ಆಸುಪಾಸು ಅಗಲ. 80 ಸೆಂ.ಮೀ. ಎಂದರೆ 31½ ಇಂಚು. ಮೀನಖಂಡದವರೆಗೆ ಬರುವ ಸ್ಕರ್ಟಿನ ಒಂದು ಪಟ್ಟಿಗೆ ಅಷ್ಟು ಉದ್ದ ಸಾಕು. ಸೀರೆಯೊಳಗೆ ಉಡುವ ಆರು ಪಟ್ಟಿಯ ಲಂಗದ ಲೆಕ್ಕವನ್ನೇ ಇಟ್ಟುಕೊಂಡು, ಲಾಡಿಯ ಬದಲು ಇಲಾಸ್ಟಿಕ್ ಹಾಕಿದರೆ ಹೊರಗೆ ಉಡುವ ಸ್ಕರ್ಟ್ ಸಿದ್ಧ.

ಪ್ಯಾಟರ್ನ್ ಮೊದಲು ಆರಿಸಿಕೊಂಡು ಆಮೇಲೆ ಬಟ್ಟೆ ಹುಡುಕಬೇಡಿ. ಮನೆಯ ಬಟ್ಟೆಯಲ್ಲಿ ಹೊಲಿಯುವಾಗ ಕ್ರಮ ತಿರುಗುಮುರುಗು: ಮೊದಲು ಬಟ್ಟೆ ಅಳೆಯಿರಿ, ಅದಕ್ಕೆ ಒಗ್ಗುವ ಪ್ಯಾಟರ್ನ್ ಬರೆಯಿರಿ.

ಯಾವ ಕಣ ಆಗುತ್ತದೆ

ಮೊದಲ ಸ್ಕರ್ಟಿಗೆ ಹತ್ತಿಯದೇ ಒಳ್ಳೆಯದು. ಟೂ ಬೈ ಟೂ ರುಬಿಯಾ ಎಂಬ ರವಿಕೆ ಬಟ್ಟೆ ಕತ್ತರಿಗೂ ಇಸ್ತ್ರಿಗೂ ಬಗ್ಗುತ್ತದೆ, ಆದರೆ ತೆಳು; ತಿಳಿ ಬಣ್ಣದ್ದಾದರೆ ಒಳಗೆ ಲೈನಿಂಗ್ ಬೇಕು. ಜಾರುವ ಪಾಲಿಸ್ಟರ್ ಕಣವನ್ನು ಎರಡನೇ ಮೂರನೇ ಸ್ಕರ್ಟಿಗೆ ಇಟ್ಟುಕೊಳ್ಳಿ. ಕತ್ತರಿಸುವಾಗ ಅದು ಸರಿದಾಡುತ್ತದೆ, ಹೆಚ್ಚು ಕಾವಿನ ಇಸ್ತ್ರಿ ತಗುಲಿದರೆ ಕರಗುತ್ತದೆ. ಗುಳೇದಗುಡ್ಡದಲ್ಲಿ ನೇಯುವ ರವಿಕೆ ಬಟ್ಟೆ ಖಣ ಸ್ಕರ್ಟಿಗೆ ಬಹಳ ಚೆಂದ. ಆದರೆ ಅದರ ಎಳೆ ಬೇಗ ಬಿಚ್ಚಿಕೊಳ್ಳುತ್ತದೆ, ಅಗಲವೂ ಕಡಿಮೆ ಇರುವುದುಂಟು. ಟೇಪ್ ಹಿಡಿದು ನೋಡಿಯೇ ಮುಂದುವರಿಯಿರಿ.

ಮೂರೂ ಕಣಗಳ ದಪ್ಪ ಹೆಚ್ಚುಕಡಿಮೆ ಒಂದೇ ಇರಲಿ. ದಪ್ಪನೆಯದರ ಪಕ್ಕ ತೆಳುವಾದದ್ದು ಬಂದರೆ ಹೊಲಿಗೆ ಸುಕ್ಕುಗಟ್ಟುತ್ತದೆ, ಕೆಳಗಿನ ಅಂಚು ಒಂದೊಂದು ಕಡೆ ಒಂದೊಂದು ರೀತಿ ಇಳಿಬೀಳುತ್ತದೆ.

ಹೊಸ ಕಣದಲ್ಲಿ ಗಂಜಿ ಇರುತ್ತದೆ. ಹತ್ತಿಯದನ್ನು ಒಂದು ರಾತ್ರಿ ಬೇರೆ ಬೇರೆ ಬಕೆಟ್‌ನಲ್ಲಿ ನೆನೆಸಿ, ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ. ಇದನ್ನು ಬಿಟ್ಟರೆ ಮೊದಲ ಒಗೆತದಲ್ಲಿ ಒಂದು ಪಟ್ಟಿ ಕುಗ್ಗಿ ಇನ್ನೊಂದು ಹಾಗೇ ಉಳಿಯಬಹುದು. ಹೊಲಿದಾದ ಮೇಲೆ ಅದನ್ನು ಸರಿಪಡಿಸುವ ದಾರಿಯಿಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಕೆಂಪು ಅಥವಾ ನೀಲಿ ಬಣ್ಣ ಧಾರಾಳವಾಗಿ ಹತ್ತಿದರೆ ಆ ಕಣವನ್ನು ತಿಳಿ ಬಣ್ಣದ ಪಕ್ಕ ಹಾಕಬೇಡಿ. ರೇಷ್ಮೆಯನ್ನು ನೆನೆಸಬೇಡಿ.

ಅಳತೆ, ಪೇಪರ್ ಪ್ಯಾಟರ್ನ್

ಬೇಕಾದ ಅಳತೆ ಮೂರು: ಸೊಂಟ, ಸೀಟ್ (ಪೃಷ್ಠದ ಅತಿ ಅಗಲವಾದ ಭಾಗದ ಸುತ್ತಳತೆ), ಉದ್ದ. ಇಲ್ಲಿ ಸೊಂಟ 30, ಸೀಟ್ 38, ಉದ್ದ 28 ಇಂಚು ಎಂದಿಟ್ಟುಕೊಂಡಿದೆ. ನಿಮ್ಮ ಅಳತೆ ಹಾಕಿ ಲೆಕ್ಕ ಮಾಡಿ.

ಜಿಪ್ ಇಲ್ಲದ ಸ್ಕರ್ಟ್ ಸೀಟನ್ನು ದಾಟಿ ಮೇಲೇರಬೇಕು. ಆದ್ದರಿಂದ ಮೇಲಿನ ಅಗಲಕ್ಕೆ ಲೆಕ್ಕ ಹಿಡಿಯಬೇಕಾದ್ದು ಸೊಂಟವನ್ನಲ್ಲ, ಸೀಟನ್ನು. ಸೊಂಟದ ಅಳತೆಗೇ ಕತ್ತರಿಸಿದರೆ ಸ್ಕರ್ಟ್ ತೊಡೆಯ ಹತ್ತಿರವೇ ಸಿಕ್ಕಿಕೊಳ್ಳುತ್ತದೆ. ಸೀಟಿಗೆ 2 ಇಂಚು ಸಡಿಲ ಸೇರಿಸಿ 6ರಿಂದ ಭಾಗಿಸಿ: 40 ÷ 6 = 6⅔. ಎರಡೂ ಬದಿಯ ಹೊಲಿಗೆಗೆ ಅರ್ಧರ್ಧ ಇಂಚು ಸೇರಿಸಿ, ಹತ್ತಿರದ ಕಾಲಿಂಚಿಗೆ ಏರಿಸಿದರೆ 7¾. ಇದು ಪಟ್ಟಿಯ ಮೇಲಿನ ಅಗಲ. ಕೆಳಗಿನ ಅಗಲ 15 ಇರಲಿ. ಹೊಲಿದ ಮೇಲೆ ಘೇರು (ಕೆಳಗಿನ ಅಂಚಿನ ಸುತ್ತಳತೆ) 84 ಇಂಚು ಬರುತ್ತದೆ, ನಡೆಯಲು ಸಲೀಸು. ಉದ್ದ: 28ರಲ್ಲಿ ಬೆಲ್ಟಿನ (ಸೊಂಟಪಟ್ಟಿಯ) 1½ ಕಳೆದರೆ 26½, ಮೇಲಿನ ಹೊಲಿಗೆಗೆ ½, ಕೆಳಗಿನ ಮಡಿಕೆಗೆ ¾ ಕೂಡಿಸಿದರೆ 27¾.

ದಿನಪತ್ರಿಕೆಯ ಹಾಳೆಯನ್ನು ಉದ್ದಕ್ಕೆ ಮಡಚಿ. ಮಡಿಕೆಯೇ ಪಟ್ಟಿಯ ನಡುಗೆರೆ. ಅದರ ಮೇಲೆ 27¾ ಗುರುತಿಸಿ, ಮೇಲ್ತುದಿಯಲ್ಲಿ ಅಡ್ಡಕ್ಕೆ 3⅞, ಕೆಳತುದಿಯಲ್ಲಿ 7½ ಅಳೆದು ಎರಡನ್ನೂ ಓರೆಗೆರೆಯಿಂದ ಸೇರಿಸಿ. ಈಗ ಆ ಓರೆಗೆರೆಯನ್ನು ಅಳೆಯಿರಿ. ನಡುಗೆರೆಗಿಂತ ಕಾಲಿಂಚು ಹೆಚ್ಚು ಬರುತ್ತದೆ. ಕೆಳಗಿನ ಮೂಲೆಯನ್ನು ಆ ಕಾಲಿಂಚು ಮೇಲಕ್ಕೇರಿಸಿ, ನಡುವಿಗೆ ಮೆಲ್ಲನೆ ಬಾಗಿಸಿ ಗೆರೆ ಎಳೆಯಿರಿ. ಅವಸರದಲ್ಲಿ ಬಹಳ ಜನ ಇದನ್ನು ಬಿಡುತ್ತಾರೆ. ಬಿಟ್ಟರೆ ಆರೂ ಹೊಲಿಗೆಯ ತುದಿಯಲ್ಲಿ ಕೆಳಗೆ ಚೂಪು ಮೂಲೆ ಜೋತುಬೀಳುತ್ತದೆ.

ಕತ್ತರಿಸುವುದು

ಬಟ್ಟೆಯ ಉದ್ದಕ್ಕೆ ಓಡುವ ನೂಲು ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಕಣದ 80 ಸೆಂ.ಮೀ. ಬದಿಯೇ ಹಾಸಿನ ಎಳೆ, ಅಗಲದ್ದು ಹೊಕ್ಕಿನ ಎಳೆ. ಪ್ಯಾಟರ್ನಿನ ನಡುಗೆರೆ ಹಾಸಿನ ಎಳೆಗೆ ನೇರವಾಗಿ ಕೂರಬೇಕು. ಗೆರೆಯ ಎರಡೂ ತುದಿಯಿಂದ ಬಟ್ಟೆಯ ಅಂಚಿಗೆ ಟೇಪ್ ಹಿಡಿಯಿರಿ. ಎರಡೂ ಕಡೆ ಅಳತೆ ಒಂದೇ ಬರಬೇಕು. ಸ್ವಲ್ಪ ಓರೆಯಾದರೂ ಪಟ್ಟಿ ಒಂದು ಮಗ್ಗುಲಿಗೆ ತಿರುಚಿಕೊಳ್ಳುತ್ತದೆ, ಹೊಲಿಗೆ ಕಾಲಿನ ಸುತ್ತ ಸುತ್ತಿಕೊಂಡಂತೆ ಕಾಣುತ್ತದೆ.

ಒಂದು ಕಣದಲ್ಲಿ ಎರಡು ಪಟ್ಟಿ, ಎರಡನ್ನೂ ಒಂದೇ ದಿಕ್ಕಿಗೆ ಇಟ್ಟರೆ 30 ಇಂಚು ಅಗಲ ಬೇಕು. ಅಷ್ಟು ಅಗಲ ಇಲ್ಲದಿದ್ದರೆ ಒಂದನ್ನು ತಲೆಕೆಳಗಾಗಿಸಿ ಪಕ್ಕ ಪಕ್ಕ ಇಡಿ. 27 ಇಂಚಿನಲ್ಲಿ ಮುಗಿಯುತ್ತದೆ. ಸಾದಾ ಬಟ್ಟೆಗೆ ಇದು ನಡೆಯುತ್ತದೆ. ತೇರು, ನವಿಲು, ಬಳ್ಳಿಯ ಚಿತ್ತಾರವಿದ್ದರೆ ಒಂದು ಪಟ್ಟಿಯಲ್ಲಿ ಅದು ತಲೆಕೆಳಗಾಗಿ ಕೂರುತ್ತದೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿರುವ ರೇಷ್ಮೆಯಲ್ಲೂ ದಿಕ್ಕು ಬದಲಾದರೆ ಬಣ್ಣವೇ ಬೇರೆಯಾಗಿ ಹೊಳೆಯುತ್ತದೆ. ಅಂಥ ಕಣದಲ್ಲಿ ಪಟ್ಟಿಯ ಕೆಳ ಅಗಲವನ್ನೇ ಕಡಿಮೆ ಮಾಡಿಕೊಳ್ಳಿ.

ಒಂದು ಮೀಟರ್ ಅಗಲದ ಕಣದಲ್ಲಿ ಎರಡು ಪಟ್ಟಿ ಹೋಗಿ ಬದಿಯಲ್ಲಿ 9 ಇಂಚು ಉಳಿಯುತ್ತದೆ. ಎರಡು ಕಣದ ಈ ಉಳಿಕೆ ಬೆಲ್ಟಿಗೆ, ಮೂರನೆಯದು ಜೇಬಿಗೆ. ಜೇಬಿಗೆ 7 ಇಂಚು ಅಗಲ, 11 ಇಂಚು ಉದ್ದದ ಎರಡು ತುಂಡು ಬರುತ್ತದೆ. ಮೊಬೈಲ್ ಹಿಡಿಸುವ ಒಂದು ಜೇಬು ಇಡದೆ ಬಿಡಬೇಡಿ.

ಹೊಲಿಯುವುದು

ಹತ್ತಿಗೆ 14ನೇ ನಂಬರಿನ ಸೂಜಿ, ತೆಳು ರುಬಿಯಾಕ್ಕೂ ರೇಷ್ಮೆಗೂ 11. ಹೊಲಿಗೆ ಇಂಚಿಗೆ ಹತ್ತರಷ್ಟು. ಉಳಿದ ಚೂರಿನ ಮೇಲೆ ಹೊಲಿದು ನೋಡಿ. ಕೆಳಗಿನ ದಾರ ಮೇಲೆ ಕಂಡರೆ ಮೇಲಿನ ದಾರದ ಬಿಗಿ ಹೆಚ್ಚು. ತಿರುಪು ಸ್ವಲ್ಪ ಸಡಿಲಿಸಿ.

ಪಟ್ಟಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ಬಣ್ಣದ ಕ್ರಮ ನಿರ್ಧರಿಸಿ. ಮೂರು ಬಣ್ಣವಾದರೆ ಮುಂದೆ ಮೂರು, ಹಿಂದೆ ಅದೇ ಕ್ರಮದಲ್ಲಿ ಮೂರು. ಒಂದೇ ಬಣ್ಣ ಎಲ್ಲೂ ಅಕ್ಕಪಕ್ಕ ಬರುವುದಿಲ್ಲ. ಮುಂದಿನ ಮೂರನ್ನು ಕೂಡಿಸಿ, ಹಿಂದಿನ ಮೂರನ್ನು ಕೂಡಿಸಿ. ಬಲಮಗ್ಗುಲಿನ ಎರಡೂ ಅಂಚಿಗೆ, ಮೇಲಿನಿಂದ 3 ಇಂಚು ಬಿಟ್ಟು, ಜೇಬಿನ ಒಂದೊಂದು ತುಂಡು ಹಚ್ಚಿ, 6 ಇಂಚು ಬಾಯಿ ಬಿಡಿ. ಕೊನೆಗೆ ಎರಡೂ ಮಗ್ಗುಲು ಮುಚ್ಚಿ.

ಪ್ರತಿ ಹೊಲಿಗೆಯನ್ನೂ ಕೆಳಗಿನ ಅಗಲದ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಓರೆ ಅಂಚು ಎಳೆದರೆ ಹಿಗ್ಗುತ್ತದೆ. ಈ ದಿಕ್ಕಿನಲ್ಲಿ ಹಿಗ್ಗು ಕಡಿಮೆ. ಮಿಷಿನಿನ ಹಲ್ಲು ಕೆಳಗಿನ ಪದರವನ್ನು ಮುಂದೆ ತಳ್ಳುತ್ತದೆ, ಮೇಲಿನದು ಹಿಂದುಳಿಯುತ್ತದೆ. ಹಾಗಾಗಿ 4 ಇಂಚಿಗೊಂದು ಗುಂಡುಪಿನ್ ಅಥವಾ ಉದ್ದಕ್ಕೂ ಕಚ್ಚಾ ಹೊಲಿಗೆ ಹಾಕದಿದ್ದರೆ ತುದಿ ಮುಟ್ಟುವ ಹೊತ್ತಿಗೆ ಒಂದು ಪಟ್ಟಿ ಉದ್ದ, ಒಂದು ಗಿಡ್ಡ ಎನಿಸುತ್ತದೆ. ಉದ್ದವಾದದ್ದನ್ನು ಕತ್ತರಿಸಬೇಡಿ, ಹೊಲಿಗೆ ಬಿಚ್ಚಿ.

ಅಂಚಿಗೆ ಓವರ್‌ಲಾಕ್ (ಎಳೆ ಬಿಚ್ಚದಂತೆ ಅಂಚನ್ನು ಸುತ್ತುವ ಮಿಷಿನ್ ಹೊಲಿಗೆ) ಬೇಕು. ಸೀರೆಗೆ ಫಾಲ್, ಪಿಕೋ ಮಾಡುವ ಅಂಗಡಿಯಲ್ಲಿ ಕೇಳಿ ನೋಡಿ. ಇಲ್ಲವಾದರೆ ಜೇಬಿಲ್ಲದ ಹೊಲಿಗೆಗಳಿಗೆ ಎರಡು ಬಾರಿ ಹೊಲಿಯುವ ವಿಧಾನ ಇದೆ: ಒಳಮೈಗೆ ಒಳಮೈ ಕೂಡಿಸಿ ಕಾಲಿಂಚಿನಲ್ಲಿ ಹೊಲಿದು, ಅಂಚನ್ನು ಅರ್ಧದಷ್ಟು ಕತ್ತರಿಸಿ, ತಿರುವಿ, ಇಸ್ತ್ರಿ ಹಾಕಿ, ಮತ್ತೆ ಕಾಲಿಂಚಿನಲ್ಲಿ ಹೊಲಿಯುವುದು. ಬಿಚ್ಚಿಕೊಳ್ಳುವ ಎಳೆಯೆಲ್ಲ ಒಳಗೆ ಮುಚ್ಚಿಹೋಗುತ್ತದೆ. ಖಣಕ್ಕೆ ಓವರ್‌ಲಾಕ್‌ಗಿಂತ ಇದೇ ಗಟ್ಟಿ.

ಬೆಲ್ಟ್, ಇಲಾಸ್ಟಿಕ್

ಬೆಲ್ಟನ್ನು ಪಟ್ಟಿಗಳು ಕೂಡಿದ ಮೇಲೆಯೇ ಕತ್ತರಿಸಿ. ಆರು ಹೊಲಿಗೆಯಲ್ಲಿ ಒಂದೊಂದು ನೂಲಿನಷ್ಟು ಆಚೀಚೆ ಆದರೂ ಒಟ್ಟು ಸುತ್ತಳತೆ ಬದಲಾಗಿರುತ್ತದೆ. ಮೇಲಿನ ಅಂಚಿನಿಂದ ಅರ್ಧ ಇಂಚು ಕೆಳಗೆ, ಹೊಲಿಗೆ ಬೀಳುವ ಜಾಗದಲ್ಲೇ ಸುತ್ತ ಅಳೆದು 1 ಇಂಚು ಕೂಡಿಸಿ. ಅದೇ ಬೆಲ್ಟಿನ ಉದ್ದ. ಅಗಲ 4 ಇಂಚು. ಎರಡು ಉಳಿಕೆ ತುಂಡು ಕೂಡಿಸಿದರೆ ಸಾಕಾಗುತ್ತದೆ.

ತುದಿಗಳನ್ನು ಸೇರಿಸಿ ಬಳೆ ಮಾಡಿ, ಬೆಲ್ಟಿನ ಹೊರಮೈಯನ್ನು ಸ್ಕರ್ಟಿನ ಹೊರಮೈಗೆ ಕೂಡಿಸಿ ಹೊಲಿಯಿರಿ. ಮೇಲಕ್ಕೆತ್ತಿ, ಇನ್ನೊಂದು ಅಂಚನ್ನು ಅರ್ಧ ಇಂಚು ಒಳಮಡಚಿ, ಒಳಗಡೆಗೆ ತಂದು ಹೊಲಿಯಿರಿ. ಹಿಂಬದಿಯಲ್ಲಿ 2 ಇಂಚು ಬಿಡಿ. 1¼ ಇಂಚು ಅಗಲದ ಇಲಾಸ್ಟಿಕ್ಕನ್ನು ಸೊಂಟಕ್ಕಿಂತ 2 ಇಂಚು ಕಡಿಮೆ ತೆಗೆದುಕೊಂಡು, ತುದಿ ಒಂದರ ಮೇಲೊಂದು ಹಾಕಲು 1 ಇಂಚು ಸೇರಿಸಿ: 29 ಇಂಚು. ಪಿನ್ನು ಚುಚ್ಚಿ ಲಾಡಿ ಪೋಣಿಸಿದಂತೆ ಪೋಣಿಸಿ. ಒಮ್ಮೆ ಉಟ್ಟು, ಕೂತು ನೋಡಿ, ಬಿಗಿ ಸರಿ ಎನಿಸಿದ ಮೇಲೆ ತುದಿ ಹೊಲಿದು ಬಾಯಿ ಮುಚ್ಚಿ. ನೆರಿಗೆ ಸಮನಾಗಿ ಹಂಚಿ, ಎರಡು ಮಗ್ಗುಲು, ನಡುಮುಂದೆ, ನಡುಹಿಂದೆ, ಈ ನಾಲ್ಕು ಜಾಗದಲ್ಲಿ ಇಲಾಸ್ಟಿಕ್ ಸೇರಿಸಿ ಮೇಲಿನಿಂದ ಕೆಳಗೆ ಒಂದು ಹೊಲಿಗೆ ಹಾಕಿ. ಈ ನಾಲ್ಕು ಹೊಲಿಗೆ ಇಲ್ಲದಿದ್ದರೆ ಒಗೆದಾಗ ಇಲಾಸ್ಟಿಕ್ ಒಳಗೇ ಮಗುಚಿಕೊಂಡು ಹಗ್ಗದಂತಾಗುತ್ತದೆ.

ಕೆಳಗಿನ ಅಂಚನ್ನು ಅದೇ ದಿನ ಮಡಚಬೇಡಿ. ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿ. ಓರೆ ಭಾಗ ತನ್ನ ಭಾರಕ್ಕೆ ಎಷ್ಟು ಇಳಿಯಬೇಕೋ ಅಷ್ಟು ಇಳಿಯುತ್ತದೆ. ಮರುದಿನ ಉಟ್ಟು ನಿಂತು, ನೆಲದಿಂದ ಸ್ಕೇಲು ಹಿಡಿಸಿ ಸುತ್ತ ಗುರುತು ಹಾಕಿಸಿಕೊಳ್ಳಿ. ಮಡಿಕೆ ಸಣ್ಣದಿರಲಿ: ಕಾಲಿಂಚು ಒಮ್ಮೆ, ಅರ್ಧ ಇಂಚು ಇನ್ನೊಮ್ಮೆ. ಈ ಘೇರಿನಲ್ಲಿ ಒಂದೂವರೆ ಇಂಚು ಮಡಚಿದರೆ ಒಳಗಿನ ಅಂಚು ಕೂರಬೇಕಾದ ಜಾಗಕ್ಕಿಂತ 4 ಇಂಚಿಗೂ ಹೆಚ್ಚು ಉದ್ದವಿದ್ದು, ಸುತ್ತಲೂ ಸಣ್ಣ ಸಣ್ಣ ಸುಕ್ಕು ಏಳುತ್ತದೆ.

ಕಣದ ಬದಲು ಹಳೆ ಸೀರೆ ಇದ್ದರೆ

ದೊಡ್ಡ ಅಂಚಿನ ಸೀರೆಗೆ ಈ ಪ್ಯಾಟರ್ನ್ ಬೇಡ. ನೇರವಾಗಿ ನೇಯ್ದ ಅಂಚು ಬಾಗಿದ ಘೇರಿಗೆ ಬಗ್ಗುವುದಿಲ್ಲ. ಪಟ್ಟಿ ಪಟ್ಟಿಗೂ ಮುರಿದು ಕಾಣುತ್ತದೆ. ಅದಕ್ಕೆ ನೆರಿಗೆ ಲಂಗವೇ ಸರಿ: ಅಂಚು ಕೆಳಗೆ ಬರುವಂತೆ ಸೀಟಿನ ಎರಡರಿಂದ ಎರಡೂವರೆ ಪಟ್ಟು ಅಗಲದ ಉದ್ದನೆಯ ತುಂಡು ಕತ್ತರಿಸಿ, ನೆರಿಗೆ ಹಿಡಿದು, ಇದೇ ಬೆಲ್ಟ್ ಹಚ್ಚಿ. ಕೆಳಗೆ ಮಡಚುವ ಕೆಲಸವೂ ಇಲ್ಲ. ಕತ್ತರಿ ಹಾಕುವ ಮುನ್ನ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸೊಂಟಕ್ಕೆ ಸಿಕ್ಕಿಸುವ ಭಾಗ, ಫಾಲ್ ಹಚ್ಚಿದ ಭಾಗ ಸವೆದು ಜಾಳುಜಾಳಾಗಿರುತ್ತದೆ. ಎರಡು ಹೆಬ್ಬೆರಳ ನಡುವೆ ಎಳೆದಾಗ ಎಳೆ ಸರಿದರೆ ಅದನ್ನು ಬಿಡಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಆ ಕೂಡುವ ಜಾಗ ಸ್ಕರ್ಟಿನ ನಡುವೆ ಬಾರದಂತೆ ಮೈಯ ಭಾಗವನ್ನಷ್ಟೇ ಕತ್ತರಿಸಿ, ಸೆರಗನ್ನು ಇಡಿಯಾಗಿ ಎತ್ತಿಡಿ, ದುಪಟ್ಟಾಕ್ಕೆ ಆಗುತ್ತದೆ.