ಕಾರ್ಟ್ ದಾರಿಯ ಮೇಲೆ ನಿಂತ ಚೆಂಡು: ಎತ್ತುವ ಮುನ್ನ ನಾನು ನೋಡುವುದು

ಗಾಲ್ಫ್‌ನಲ್ಲಿ ದಂಡವಿಲ್ಲದೆ ಸಿಗುವ ರಿಯಾಯಿತಿಗಳು (ಚೆಂಡನ್ನು ಅಡಚಣೆಯಿಂದ ಸರಿಸಿ ಆಡುವ ಅವಕಾಶ, ಅಂದರೆ ರಿಲೀಫ್) ಕೆಲವೇ ಆಗಿರುವುದರಿಂದ, ಆಟಗಾರರ ಗಾಡಿಗಳು ಓಡಾಡುವ ಕಾರ್ಟ್ ದಾರಿಯ ಕಾಂಕ್ರೀಟಿನ ಮೇಲೆ ಚೆಂಡು ಕಂಡೊಡನೆ ಅದನ್ನು ಕೈಗೆತ್ತಿಕೊಳ್ಳುವ ಆತುರ ಸಹಜ. ಬೆಂಗಳೂರಿನಲ್ಲಿ ವಾರಾಂತ್ಯಗಳಲ್ಲಿ ಆಡುವ ಹವ್ಯಾಸಿಯಾದ ನಾನು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮೊದಲು ನೋಡುವುದು ಅಡಚಣೆಯ ಬಗೆಯನ್ನು. ಮನುಷ್ಯ ಮಾಡಿಟ್ಟ ವಸ್ತು ಸುಲಭವಾಗಿ ಸರಿಸಲು ಬರುವಂತಿದ್ದರೆ, ಉದಾಹರಣೆಗೆ ಬಂಕರಿನ (ಮರಳು ಗುಂಡಿಯ) ಕುಂಟೆಯೋ ನೀರಿನ ಬಾಟಲಿಯೋ ಆಗಿದ್ದರೆ, ಅದನ್ನು ತೆಗೆದಿಡುತ್ತೇನೆ. ತೆಗೆಯುವಾಗ ಚೆಂಡು ಕದಲಿದರೆ ದಂಡವಿಲ್ಲದೆ ಹಿಂದಿನ ಜಾಗದಲ್ಲೇ ಇಡಬಹುದು. ಆದರೆ ಅಂಗಳದ ಗಡಿ ತೋರಿಸುವ ಬಿಳಿ ಗೂಟ ಅಥವಾ ಬೇಲಿ ನಿಯಮದ ಪ್ರಕಾರ ಅಡಚಣೆಯೇ ಅಲ್ಲ. ಅದನ್ನು ಕೀಳುವಂತಿಲ್ಲ, ಅದರಿಂದ ಉಚಿತ ರಿಲೀಫ್ ಕೂಡ ಇಲ್ಲ. ಕೆಂಪು ಅಥವಾ ಹಳದಿ ಗೂಟಗಳೊಳಗಿನ ಪೆನಾಲ್ಟಿ ಏರಿಯಾದಲ್ಲಿ (ಸಾಮಾನ್ಯವಾಗಿ ಕೆರೆ, ಹಳ್ಳದಂಥ ಜಾಗದಲ್ಲಿ) ಚೆಂಡಿದ್ದರೂ ದಾರಿಯ ನೆಪ ಹೇಳಲು ಬರುವುದಿಲ್ಲ.

ಕಾರ್ಟ್ ದಾರಿ ಸರಿಸಲಾಗದ ಅಡಚಣೆ. ಅದು ನನ್ನ ನಿಲುವಿಗೋ ಸ್ವಿಂಗ್‌ಗೋ ಅಡ್ಡ ಬರುತ್ತಿದೆಯೆಂದು ಖಚಿತವಾದ ಮೇಲೆ, ಸಂಪೂರ್ಣ ಬಿಡುಗಡೆ ಸಿಗುವ ಅತಿ ಹತ್ತಿರದ ಬಿಂದುವನ್ನು ಹುಡುಕುತ್ತೇನೆ. ಇಲ್ಲಿಯೇ ಹೆಚ್ಚಿನ ವಾದಗಳು ಹುಟ್ಟುತ್ತವೆ, ಏಕೆಂದರೆ ನಿಯಮ ಕೊಡುವುದು ಹತ್ತಿರದ ಜಾಗವನ್ನು, ಒಳ್ಳೆಯ ಜಾಗವನ್ನಲ್ಲ. ದಾರಿ ಇಲ್ಲದಿದ್ದರೆ ಯಾವ ಕ್ಲಬ್‌ನಿಂದ (ಗಾಲ್ಫ್ ಕೋಲಿನಿಂದ) ಹೊಡೆಯುತ್ತಿದ್ದೆನೋ ಅದನ್ನೇ ಹಿಡಿದು ಎರಡೂ ಬದಿಯಲ್ಲಿ ನಿಂತು ನೋಡುತ್ತೇನೆ. ನಾನು ಬಲಗೈ ಆಟಗಾರನಾದ್ದರಿಂದ, ಕುಳಿಯ ಕಡೆಗೆ ಮುಖ ಮಾಡಿ ನೋಡಿದರೆ ನನ್ನ ದೇಹ ಚೆಂಡಿನ ಎಡಕ್ಕಿರುತ್ತದೆ. ಬಲಬದಿಗೆ ಹೋದರೆ ಕಾಲುಗಳು ಕೂಡ ದಾರಿಯಿಂದಾಚೆ ಬರಬೇಕಾಗುವುದರಿಂದ ಚೆಂಡು ಬಹಳ ದೂರ ಸರಿಯುತ್ತದೆ. ಹೀಗಾಗಿ ಚೆಂಡು ದಾರಿಯ ನಡುವೆ ನಿಂತಿದ್ದರೆ ನನ್ನ ಬಿಂದು ಸಾಮಾನ್ಯವಾಗಿ ಎಡಬದಿಯಲ್ಲೇ ಬೀಳುತ್ತದೆ, ಎಡಗೈ ಆಟಗಾರರದ್ದು ಬಲಬದಿಯಲ್ಲಿ. ಆ ಎಡಬದಿ ಪೊದೆಯಾಗಿದ್ದರೆ ನಾನು ರಿಲೀಫ್ ತೆಗೆದುಕೊಳ್ಳದೆ ಕಾಂಕ್ರೀಟಿನ ಮೇಲಿಂದಲೇ ಹೊಡೆಯುತ್ತೇನೆ. ಹಳೆಯ ಐರನ್ ಕ್ಲಬ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡಿರುವುದು ಇದಕ್ಕಾಗಿಯೇ. ಮೊದಲೇ ಎತ್ತಿಬಿಟ್ಟು, ಪೊದೆ ಕಂಡ ಮೇಲೆ ಮನಸ್ಸು ಬದಲಿಸಿ ಚೆಂಡನ್ನು ಹಿಂದಕ್ಕಿಟ್ಟರೆ ಒಂದು ಹೊಡೆತದ ದಂಡ ಬೀಳುತ್ತದೆ.

ಜಾಗ ಸರಿಯಿದ್ದರೆ ಬಿಂದುವಿನಲ್ಲಿ ಟೀ ಎಂಬ ಪುಟ್ಟ ಕಡ್ಡಿ ನೆಟ್ಟು, ಪಟ್ಟರ್ (ಕುಳಿಯ ಬಳಿ ಚೆಂಡು ಉರುಳಿಸುವ ಕ್ಲಬ್) ಬಿಟ್ಟು ಚೀಲದಲ್ಲಿರುವ ಅತಿ ಉದ್ದದ ಕ್ಲಬ್‌ನಿಂದ, ಅಂದರೆ ನನ್ನ ಡ್ರೈವರ್‌ನಿಂದ, ಒಂದು ಅಳತೆಯಷ್ಟು ಗುರುತಿಸುತ್ತೇನೆ. ಆ ವಲಯ ಕುಳಿಗೆ ಬಿಂದುವಿಗಿಂತ ಹತ್ತಿರವಾಗಬಾರದು. 2019ರ ಪರಿಷ್ಕರಣೆಯ ನಂತರ ಚೆಂಡನ್ನು ಬಿಡುವುದು ಭುಜದ ಎತ್ತರದಿಂದಲ್ಲ, ಮಂಡಿಯ ಎತ್ತರದಿಂದ. ಹಳೆಯ ಆಟಗಾರರ ಕೈ ಈಗಲೂ ತಾನಾಗಿ ಮೇಲೇರುವುದನ್ನು ನೋಡಿದ್ದೇನೆ. ಸರಿಯಾಗಿ ಬಿಟ್ಟ ಚೆಂಡು ಎರಡು ಸಲವೂ ವಲಯದಾಚೆ ಉರುಳಿದರೆ, ಎರಡನೆಯ ಸಲ ಅದು ನೆಲಕ್ಕೆ ತಾಗಿದ ಕಡೆ ಇಡುತ್ತೇನೆ.

ಗ್ರೀನ್‌ನ (ಕುಳಿಯಿರುವ ನುಣುಪಾದ ಹುಲ್ಲಿನ ಜಾಗದ) ಅಂಚಿನಲ್ಲಿರುವ, ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ನ ಮುಚ್ಚಳದ ವಿಷಯ ಬೇರೆ. ಚೆಂಡು ಗ್ರೀನ್‌ನ ಹೊರಗಿದ್ದು, ಮುಚ್ಚಳ ಕೇವಲ ಆಟದ ರೇಖೆಗೆ ಅಡ್ಡವಾಗಿದ್ದರೆ ಮೂಲ ನಿಯಮದಲ್ಲಿ ಉಚಿತ ರಿಲೀಫ್ ಇಲ್ಲ. ಕೆಲವು ಗಾಲ್ಫ್ ಸಂಸ್ಥೆಗಳು ಗ್ರೀನ್‌ನಿಂದ ಎರಡು ಕ್ಲಬ್ ಉದ್ದದೊಳಗಿನ ಮುಚ್ಚಳಗಳಿಗೆ, ಚೆಂಡೂ ಆ ಮುಚ್ಚಳದಿಂದ ಅಷ್ಟೇ ಅಂತರದೊಳಗಿದ್ದರೆ, ಸ್ಥಳೀಯ ನಿಯಮದ ಮೂಲಕ ಅವಕಾಶ ಕೊಡುತ್ತವೆ. ಸ್ಕೋರ್‌ಕಾರ್ಡಿನ ಹಿಂಬದಿಯಲ್ಲಿ ಅಂಥ ನಿಯಮ ಕಾಣದಿದ್ದರೆ, ಪಟ್ಟರ್ ಬಿಟ್ಟು ವೆಜ್ (ಚೆಂಡನ್ನು ಮೇಲಕ್ಕೆತ್ತುವ ಕ್ಲಬ್) ತೆಗೆದು ಮುಚ್ಚಳದ ಮೇಲಿಂದ ಹಾರಿಸಿ ಚಿಪ್ ಮಾಡುತ್ತೇನೆ.