ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ಪಕ್ಕ ಕ್ರೈಸ್ತ ವಿದ್ಯಾರ್ಥಿ ಕೇಂದ್ರ ಶುರು ಮಾಡಬೇಕಾ? ಕಟ್ಟಡದ ಮಾತು ಆಮೇಲೆ

ಚರ್ಚ್ ಸಭೆಯಲ್ಲಿ ಈ ವಿಷಯ ಎತ್ತಿದ ಕೂಡಲೇ ಸೈಟು ಎಲ್ಲಿ, ಫಂಡ್ ಎಷ್ಟು, ಶಂಕುಸ್ಥಾಪನೆಗೆ ಬಿಷಪ್ ಬರುತ್ತಾರಾ ಅಂತ ಶುರುವಾಗುತ್ತದೆ. ಅದೆಲ್ಲ ಸದ್ಯಕ್ಕೆ ಬಿಡಿ. ಸಂಜೆ ಐದಕ್ಕೆ ಬಾಗಿಲು ತೆಗೆದು ರಾತ್ರಿ ಒಂಬತ್ತರವರೆಗೆ ಅಲ್ಲೇ ಇರುವವರು ಯಾರು? ಅಂಥವರು ಇಬ್ಬರಾದರೂ ಸಿಗುವ ತನಕ ಮನೆ ಕೂಡ ಹುಡುಕಬೇಡಿ. ಭಾನುವಾರ ಮಾತ್ರ ಬೀಗ ತೆಗೆಯುವುದಾದರೆ ಕೇಂದ್ರವೇ ಬೇಡ, ಬೆಂಗಳೂರಲ್ಲಿ ಚರ್ಚ್‌ಗಳಿಗೇನು ಕಡಿಮೆ?

ಇನ್ನು ಜಾಗ. ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಸಾವಿರ ಎಕರೆಗಿಂತ ದೊಡ್ಡದು. ಮೈಸೂರು ರಸ್ತೆಯ ಮೆಟ್ರೋ ಸ್ಟೇಷನ್ ಕಡೆ ಮನೆ ಹಿಡಿದರೆ ನಾಗರಭಾವಿ, ಮಲ್ಲತ್ತಹಳ್ಳಿ ಕಡೆ ಪಿಜಿಯಲ್ಲಿ ಇರುವವರು ಬರುವುದು ಕಷ್ಟ. ಆ ಕಡೆ ಲಾ ಸ್ಕೂಲ್, ಅಂಬೇಡ್ಕರ್ ಇಂಜಿನಿಯರಿಂಗ್ ಕಾಲೇಜಿನ ಹುಡುಗರೂ ಇದ್ದಾರೆ. ಎರಡು ಸಂಜೆ ಸುಮ್ನೆ ನಡೆದಾಡಿ, ಹುಡುಗರು ಎಲ್ಲಿ ಟೀ ಕುಡಿಯುತ್ತಾರೆ ನೋಡಿ, ಅಲ್ಲಿಂದ ಹತ್ತು ನಿಮಿಷದ ನಡಿಗೆಯೊಳಗೆ ಗ್ರೌಂಡ್ ಫ್ಲೋರ್ ಮನೆ ಕೇಳಿ. ಹಾಸ್ಟೆಲ್ ಹುಡುಗಿಯರು ಎಷ್ಟು ಹೊತ್ತಿಗೆ ಒಳಗಿರಬೇಕು ಅಂತ ಮೊದಲೇ ವಿಚಾರಿಸಿ, ಕೂಟ ಅದಕ್ಕಿಂತ ಅರ್ಧ ಗಂಟೆ ಮುಂಚೆ ಮುಗಿಯಲಿ.

ಓನರ್ ಹತ್ತಿರ ಏನನ್ನೂ ಮುಚ್ಚಿಡಬೇಡಿ. ‘ಟ್ಯೂಷನ್ ಸೆಂಟರ್’ ಅಂತ ಹೇಳಿ ಒಳಗೆ ಪ್ರಾರ್ಥನೆ ನಡೆಸಿದರೆ ಒಂದು ದಿನ ಅದು ಗಲಾಟೆಯಲ್ಲೇ ಮುಗಿಯುತ್ತದೆ. ಓದು, ಬೈಬಲ್ ಸ್ಟಡಿ, ಹಾಡು ಎಲ್ಲವನ್ನೂ ಹನ್ನೊಂದು ತಿಂಗಳ ಅಗ್ರಿಮೆಂಟಲ್ಲೇ ಬರೆಸಿ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಚೌಕಾಸಿ ಮಾಡಿ, ಇಳಿಸುವವರೂ ಇದ್ದಾರೆ. ಗಿಟಾರ್ ಸಾಕು, ಡ್ರಮ್ಸ್ ಬೇಡವೇ ಬೇಡ. ಪಕ್ಕದ ಮನೆ ಗೇಟಿಗೆ ಅಡ್ಡ ನಿಲ್ಲಿಸಿದ ಬೈಕುಗಳಿಂದ ಆಗುವಷ್ಟು ಜಗಳ ಪ್ರಾರ್ಥನೆಯಿಂದ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕಾಗದಪತ್ರ ಬೇಗ ಮುಗಿಸಿ. ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಣಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಂಘ ಮಾಡುವುದಾದರೆ ಕನಿಷ್ಠ 7 ಜನ ಬೇಕು. ಆಮೇಲೆ ಪ್ಯಾನ್, ಸಂಸ್ಥೆ ಹೆಸರಲ್ಲೇ ಬ್ಯಾಂಕ್ ಖಾತೆ. ವಿದೇಶಿ ಪ್ರಜೆ ಅಥವಾ ಸಂಸ್ಥೆ ಪ್ರೀತಿಯಿಂದ ದುಡ್ಡು ಕಳಿಸುತ್ತೇವೆ ಅಂದರೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ) ಇಲ್ಲದೆ ಒಂದು ರೂಪಾಯಿ ಮುಟ್ಟಬೇಡಿ. ಆ ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆಗೆ 3 ವರ್ಷ ಆಗಿರಬೇಕು, ಆ ಅವಧಿಯಲ್ಲಿ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು. 2022ರ ಮತಾಂತರ ತಡೆ ಕಾಯ್ದೆಯನ್ನು ರದ್ದು ಮಾಡಲು 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಈಗ ಅದು ಯಾವ ಹಂತದಲ್ಲಿದೆ ಅಂತ ವಕೀಲರನ್ನು ಕೇಳಿಕೊಳ್ಳಿ. ಕಾಯ್ದೆ ಇರಲಿ ಬಿಡಲಿ, ಊಟ, ಫೀಸು, ಪುಸ್ತಕ ಯಾವುದಕ್ಕೂ ‘ಪ್ರಾರ್ಥನೆಗೆ ಬಂದರೆ ಮಾತ್ರ’ ಅನ್ನುವ ಷರತ್ತು ಹಾಕಬೇಡಿ. ಓದುವ ಕೋಣೆ ಯಾವ ಧರ್ಮದವರಿಗಾದರೂ ತೆರೆದಿರಲಿ.

ಒಳಗೆ ಏನಿರಬೇಕು? ಉದ್ದ ಮೇಜು, ಒಳ್ಳೆ ಲೈಟು, ವೈಫೈ, ಕುಡಿಯುವ ನೀರು, ಹಳೆ ಪ್ರಶ್ನೆಪತ್ರಿಕೆಗಳು, ಕೆ-ಸೆಟ್, ನೆಟ್, ಕೆಎಎಸ್ ಪರೀಕ್ಷೆಗಳ ಪುಸ್ತಕಗಳು. ಸೋಫಾ ಬೇಡ, ಮಲಗಿಬಿಡುತ್ತಾರೆ.

ಭಾಷೆ ವಿಷಯದಲ್ಲಿ ಮಾತ್ರ ಹುಷಾರು. ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ಕೇರಳ, ಮಿಜೋರಾಂ, ನಾಗಾಲ್ಯಾಂಡ್ ಹುಡುಗರು ಬೇಗ ಸೇರುತ್ತಾರೆ, ಕೋಣೆ ತುಂಬುತ್ತದೆ, ಕಮಿಟಿಗೂ ಖುಷಿ. ಆದರೆ ಬೀದರಿನಿಂದಲೋ ಕೊಳ್ಳೇಗಾಲದಿಂದಲೋ ಎಂಎ ಓದಲು ಬಂದ ಹುಡುಗಿ ಹಿಂದಿನ ಸಾಲಲ್ಲಿ ಎರಡು ವಾರ ಕೂತು ಮೂರನೆಯ ವಾರ ಬರುವುದೇ ಇಲ್ಲ. ಊರಿನ ಚರ್ಚಲ್ಲಿ ಕೀರ್ತನೆ ಎತ್ತಿಕೊಡುತ್ತಿದ್ದವಳೇ ಅವಳು! ವಾರದಲ್ಲಿ ಒಂದು ಸಂಜೆ ಪೂರ್ತಿ ಕನ್ನಡದಲ್ಲೇ ಇರಲಿ, ನಡೆಸುವುದನ್ನೂ ಅಂಥವರಿಗೇ ಬಿಡಿ. ಕ್ಯಾಥೋಲಿಕ್, ಸಿಎಸ್ಐ, ಮೆಥಡಿಸ್ಟ್, ಪೆಂಟೆಕೋಸ್ಟ್ ಹೀಗೆ ಎಲ್ಲ ಪಂಗಡದವರೂ ಬರುತ್ತಾರೆ, ಹಾಗಾಗಿ ದೀಕ್ಷಾಸ್ನಾನ ಮಕ್ಕಳಿಗೋ ದೊಡ್ಡವರಿಗೋ ಅನ್ನುವ ವಾದ ಅಲ್ಲಿ ಬೇಡ. ಕ್ಯಾಥೋಲಿಕ್ ಫಾದರ್ ಒಬ್ಬರು, ಪ್ರೊಟೆಸ್ಟೆಂಟ್ ಅಯ್ಯನವರು (ಪಾಸ್ಟರ್) ಒಬ್ಬರು ತಿಂಗಳಿಗೊಮ್ಮೆ ಬಂದು ಹೋದರೆ ಸಾಕು. ಅನುಭವಸ್ಥರ ಸಲಹೆ ಬೇಕಾದರೆ ಮಿಷನ್ ರಸ್ತೆಯಲ್ಲಿರುವ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಕಚೇರಿಗೆ ಹೋಗಿ. 1912ರಲ್ಲಿ ಶುರುವಾದ ಸಂಘಟನೆ ಅದು.

ಕ್ರಿಸ್ಮಸ್ ಕಾರ್ಯಕ್ರಮ ಡಿಸೆಂಬರ್ ಮೊದಲ ವಾರದಲ್ಲೇ ಮಾಡಿ. 23, 24ಕ್ಕೆ ಬಹಳ ಜನ ಊರಿನ ಬಸ್ಸು ಹತ್ತಿರುತ್ತಾರೆ. ದೂರದ ರಾಜ್ಯದವರು ಕೆಲವರು ಇಲ್ಲೇ ಉಳಿಯುತ್ತಾರೆ, 25ರಂದು ಅವರಿಗೆ ಯಾರ ಮನೆಯಲ್ಲಿ ಊಟ ಅಂತ ನವೆಂಬರ್‌ನಲ್ಲೇ ಸಭೆಯವರನ್ನು ಕೇಳಿ ಪಟ್ಟಿ ಮಾಡಿಟ್ಟುಕೊಳ್ಳಿ.