ಐದು ಸೆಂಟಿಮೀಟರ್ ಸೈನಿಕನಿಗೆ ಕ್ಯಾಮೊಫ್ಲಾಜ್

1/35 ಅಳತೆಯ, ಅಂದರೆ ಅಸಲಿಗಿಂತ ಮೂವತ್ತೈದು ಪಟ್ಟು ಚಿಕ್ಕದಾದ ಸೈನಿಕ ಗೊಂಬೆ ಎದ್ದು ನಿಂತರೆ ಐದು ಸೆಂಟಿಮೀಟರ್. ನಿಜವಾದ ಜಾಕೆಟ್ಟಿನ ಹತ್ತು ಸೆಂಟಿಮೀಟರ್ ಮಚ್ಚೆ ಇವನ ಮೈಮೇಲೆ ಮೂರು ಮಿಲಿಮೀಟರೂ ಆಗುವುದಿಲ್ಲ. ಯಾವ ಗೊಂಬೆ ಕೈಗೆತ್ತಿಕೊಳ್ಳಬೇಕು ಅನ್ನೋದನ್ನ ನಾನು ಈ ಲೆಕ್ಕದ ಮೇಲೇ ನಿರ್ಧರಿಸುತ್ತೇನೆ. 2022ರ ಸೇನಾ ದಿನದಂದು ನಮ್ಮ ಭೂಸೇನೆ ತೋರಿಸಿದ, ಸಣ್ಣ ಸಣ್ಣ ಚೌಕಗಳ ಡಿಜಿಟಲ್ ವಿನ್ಯಾಸ ಚೆನ್ನಾಗಿದೆ. ಆದರೆ ಒಂದು ಸೆಂಟಿಮೀಟರ್ ಚೌಕ ಇಲ್ಲಿ 0.3 ಮಿಲಿಮೀಟರ್. ಅದು ಬ್ರಷ್ಷಿನ ಕೆಲಸವಲ್ಲ.

ನಾನು ಆರಿಸಿಕೊಂಡದ್ದು ಎರಡನೇ ಮಹಾಯುದ್ಧದ ಬ್ರಿಟಿಷ್ ಪ್ಯಾರಾಟ್ರೂಪರ್, ಅಂದರೆ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಯುವ ಸೈನಿಕ. ಅವರು ಮೇಲೆ ತೊಡುತ್ತಿದ್ದ ಸಡಿಲ ಜಾಕೆಟ್, ಡೆನಿಸನ್ ಸ್ಮಾಕ್, ಮರಳು ಬಣ್ಣದ್ದು, ಮೇಲೆ ಹಸಿರು ಮತ್ತು ಕಂದು ಬಣ್ಣದ ಅಗಲ ಪಟ್ಟೆಗಳು. ಅಸಲಿ ಬಟ್ಟೆಯಲ್ಲೇ ಬ್ರಷ್ ಎಳೆದ ಗುರುತಿದೆ, ಅಲ್ವಾ? ಕೈ ಸ್ವಲ್ಪ ಅಲುಗಿದರೂ ನಡೆಯುತ್ತೆ.

ಈ ಕೆಲಸಕ್ಕೆ ಮೂರು ಸೊನ್ನೆಯ (000 ನಂಬರಿನ, ತೀರಾ ಸಣ್ಣ) ಬ್ರಷ್ ಬೇಕು ಅಂತ ಸುಮಾರು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದರಲ್ಲಿ ನಿಲ್ಲುವ ಬಣ್ಣ ತೀರಾ ಕಡಿಮೆ. ಮೈಸೂರಿನ ಮಾರ್ಚ್ ಸೆಕೆಯಲ್ಲಿ ಗೊಂಬೆ ಮುಟ್ಟುವಷ್ಟರಲ್ಲಿ ಒಣಗಿರುತ್ತೆ. ಮೊನೆ ಚೂಪಾಗಿ ಕೂಡುವ ಒಂದನೇ ನಂಬರ್ ಸಾಕು. ನಮ್ಮೂರಿನ ಹಳೆಯ ಚಿತ್ರಕಾರರು ಅಳಿಲಿನ ಕೂದಲಿನಿಂದ ಕುಂಚ ಕಟ್ಟಿಕೊಳ್ಳುತ್ತಿದ್ದರು, ಅವರಿಗೂ ಬೇಕಿದ್ದದ್ದು ಮೊನೆಯೇ. ಬಣ್ಣ ಆರದಂತೆ ಸ್ವೀಟ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬೇಕಿಂಗ್ ಪೇಪರ್ ಇಟ್ಟು ಅದರಲ್ಲೇ ಕಲಸುತ್ತೇನೆ.

ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚುವ ಪದರ) ಮೇಲೆ ಮರಳು ಬಣ್ಣದ ಅಕ್ರಿಲಿಕ್, ತೆಳುವಾಗಿ ಎರಡು ಸಲ. ಆಮೇಲೆ ಹಸಿರು, ಅದು ಒಣಗಿದ ಮೇಲೆ ಕಂದು. ಕಂದು ಅಲ್ಲಲ್ಲಿ ಹಸಿರಿನ ಮೇಲೆ ಹತ್ತಬೇಕು. ಎರಡಕ್ಕೂ ಚೂರು ಮರಳು ಬಣ್ಣ ಬೆರೆಸುತ್ತೇನೆ. ಅಸಲಿ ಬಟ್ಟೆಯ ಗಾಢ ಬಣ್ಣವನ್ನೇ ಇಷ್ಟು ಚಿಕ್ಕ ಗೊಂಬೆಗೆ ಹಚ್ಚಿದರೆ ಕಪ್ಪಗೆ ಕಾಣುತ್ತೆ. ಬೆರೆಸಿದರೆ ಮೂರೂ ಬಣ್ಣ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಕೂಡ. ಪಟ್ಟೆಗಳನ್ನು ಫೋಟೋದಲ್ಲಿರುವಷ್ಟೇ ಹಾಕಲು ಹೋಗಬೇಡಿ. ಕಡಿಮೆ ಹಾಕಿ, ಸ್ವಲ್ಪ ದೊಡ್ಡದಾಗಿ ಹಾಕಿ. ತೋಳಳತೆ ದೂರದಿಂದ ಮೂರು ಬಣ್ಣ ಬೇರೆ ಬೇರೆಯಾಗಿ ಕಂಡರೆ ಸರಿ.

ನನಗೆ ಜಾಸ್ತಿ ಇಷ್ಟವಾಗುವ ಕೆಲಸ ಹೊಲಿಗೆಯದ್ದು. ಬಣ್ಣದ ಬಟ್ಟೆಯನ್ನು ಕತ್ತರಿಸಿ ಹೊಲಿಯುವುದರಿಂದ ತೋಳಿನ ಪಟ್ಟೆ ಭುಜದ ಹೊಲಿಗೆ ದಾಟಿ ಎದೆಗೆ ಹರಿಯುವುದಿಲ್ಲ. ಜೇಬಿನ ಮೇಲಿನ ಮಚ್ಚೆ ಜೇಬಿನ ಅಂಚಿನಲ್ಲೇ ನಿಲ್ಲುತ್ತೆ. ಹಾಗಾಗಿ ಜೇಬು, ತೋಳು, ಕಾಲರ್ ಎಲ್ಲವನ್ನೂ ಬೇರೆ ಬೇರೆ ತುಂಡುಗಳಂತೆ ಬಣ್ಣ ಹಾಕುತ್ತೇನೆ. ಇಷ್ಟು ಮಾಡಿದರೆ ಸಾಕು, ಗೊಂಬೆ ಬಟ್ಟೆ ತೊಟ್ಟ ಹಾಗೆ ಕಾಣುತ್ತೆ. ಇಲ್ಲದಿದ್ದರೆ ಮೈಗೇ ಬಣ್ಣ ಬಳಿದ ಹಾಗೆ.

ನೆರಳು ಕೊನೆಗೆ. ನೀರಾದ ಗಾಢ ಕಂದನ್ನು ಮಡಿಕೆಗಳಿಗೆ ಮಾತ್ರ ಬಿಡುತ್ತೇನೆ. ಮೊಣಕೈ, ಭುಜದ ಉಬ್ಬುಗಳಿಗೆ ತೆಳು ಮರಳು ಬಣ್ಣ. ಪಟ್ಟೆಯೇ ಸಾಕಷ್ಟು ಗದ್ದಲ ಮಾಡುತ್ತಿರುತ್ತೆ, ನೆರಳು ಜೋರಾದರೆ ಎರಡೂ ಕೆಡುತ್ತವೆ. ಪ್ಯಾಂಟು, ಪಟ್ಟಿ, ಚೀಲಗಳಿಗೆ ಸಾದಾ ಖಾಕಿ. ತಲೆಗೆ 1942ರಲ್ಲಿ ಬಂದ ಮರೂನ್ ಟೋಪಿ.

ಕೊನೆಯಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹಚ್ಚದಿದ್ದರೆ ಬಟ್ಟೆ ರೇನ್‌ಕೋಟಿನಂತೆ ಮಿನುಗುತ್ತೆ. ಮಳೆಗಾಲದ ತೇವದಲ್ಲಿ ಸ್ಪ್ರೇ ಬೆಳ್ಳಗೆ ಮಂಜಾಗುವ ಭಯ ಇದ್ದೇ ಇದೆ. ಜೂನ್‌ನಿಂದ ದಸರಾ ಮುಗಿಯುವವರೆಗೂ ನಾನು ಬ್ರಷ್ಷಿನಲ್ಲಿ ಹಚ್ಚುವ ವಾರ್ನಿಷ್ಷನ್ನೇ ಬಳಸುತ್ತೇನೆ.